ಗೌರಾಬಾಯಿ ಫುಗಡಿ ಆಡಿದ್ದು

ಮಾರ್ತಾಂಡಪ್ಪ ತೀರಿಕೊಂಡ ಮೇಲೆ ಅವನ ಇಬ್ಬರು ಗಂಡುಮಕ್ಕಳು ಎಲ್ಲವನ್ನೂ ಸರಿಸಮನಾಗಿ ಹಂಚಿಕೊಂಡರು. ಹಿತ್ತಾಳೆ ಹಂಡೆ ಹಿರಿಯ ಮುರುಗೆಪ್ಪನಿಗೆ ಹೋಯಿತು, ತಾಮ್ರದ ಕೊಡ ಕಿರಿಯ ರಾಮಲಿಂಗಪ್ಪನಿಗೆ ಬಂತು. ಮಲಗುವ ಕಾಟುಗಳು ಎರಡಿದ್ದವು, ಒಬ್ಬೊಬ್ಬರಿಗೆ ಒಂದೊಂದು. ತಾಯಿ ಮಾತ್ರ ಒಬ್ಬಳೇ ಇದ್ದಳು, ಒಡೆಯಲು ಬರುವಂತಿರಲಿಲ್ಲ. ಹೀಗಾಗಿ ವರ್ಷವನ್ನು ಒಡೆದರು. ಯುಗಾದಿಯಿಂದ ದಸರೆಯವರೆಗೆ ಪುಣೆಯಲ್ಲಿ ರಾಮಲಿಂಗಪ್ಪನ ಮನೆ, ದಸರೆಯಿಂದ ಯುಗಾದಿಯವರೆಗೆ ಇಂದಾಪುರದಲ್ಲಿ ಮುರುಗೆಪ್ಪನ ಮನೆ. ಒಬ್ಬನ ಪಾಲಿನದು ಮುಗಿದರೆ ಇನ್ನೊಬ್ಬನ ಪಾಳಿ.

"ದಸರೆಕ್ಕ ಊರ ಮಂದೆಲ್ಲ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂತಾರ," ಎಂದು ಗೌರಾಬಾಯಿ ಒಮ್ಮೆ ಪುಣೆಯಲ್ಲಿ, ಹತ್ತು ಬಾಡಿಗೆ ಮನೆಗಳ ವಾಡೆಯ ನಲ್ಲಿಯ ಹತ್ತಿರ ಹೆಂಗಸರಿಗೆ ಹೇಳಿದ್ದಳು. "ನನ್ನ ಮಕ್ಕಳು ಬನ್ನಿ ಜೋಡಿ ನನ್ನನ್ನೂ ಕೊಟ್ಟುಬಿಡ್ತಾರ."

ಹೆಂಗಸರು ಬಿಂದಿಗೆ ಕೆಳಗಿಟ್ಟು ನಕ್ಕರು. ಆಗ ಅವಳಿಗೂ ಅದು ನಗುವ ಮಾತೇ ಆಗಿತ್ತು.

ಮರೆವು ಶುರುವಾದದ್ದು ಇಂದಾಪುರದಲ್ಲಿ, ಎಂಬತ್ಮೂರನೆಯ ಇಸವಿಯ ಚಳಿಗಾಲಕ್ಕೆ. ಪಲ್ಯಕ್ಕೆ ಉಪ್ಪು ಎರಡು ಸಲ ಬೀಳತೊಡಗಿತು, ಇಲ್ಲವೇ ಬೀಳುವುದನ್ನೇ ಬಿಟ್ಟಿತು. ಮರೆಯಬಾರದ್ದಿದ್ದರೆ ಸೆರಗಿನ ತುದಿಗೊಂದು ಗಂಟು ಹಾಕಿಕೊಳ್ಳುವುದು ಅವಳ ಹಳೆಯ ರೂಢಿ. ಈಗ ಸೆರಗಿನ ತುಂಬ ಗಂಟುಗಳೇ. ಯಾವ ಗಂಟು ಯಾತಕ್ಕೆ ಎನ್ನುವುದು ಮಾತ್ರ ಬಿಚ್ಚುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಲೆಯ ಮೇಲೆ ಬೇಳೆ ಇಟ್ಟು ಎದ್ದು ಹೋಗಿ ಯಸ್ಟಿ ಸ್ಟ್ಯಾಂಡಿನಲ್ಲಿ ಬಿಜಾಪುರದ ಬಸ್ಸು ಹತ್ತಿ ಕೂತಳು. ಅವ್ವ ಪಂಚಮಿಗೆ ಕರೆದಿದ್ದಾಳೆ ಎಂದು ಕಂಡಕ್ಟರನಿಗೆ ಹೇಳಿದಳು. ಅವ್ವ ಸತ್ತು ನಲವತ್ತು ವರ್ಷದ ಮೇಲಾಗಿತ್ತು. ಮುರುಗೆಪ್ಪನ ಗೊಬ್ಬರದ ಅಂಗಡಿ ಸ್ಟ್ಯಾಂಡಿಗೆ ಹತ್ತಿಕೊಂಡೇ ಇದ್ದದ್ದರಿಂದ ಯಾರೋ ಓಡಿ ಬಂದು ಹೇಳಿದರು. ಅವನು ತಾಯಿಯನ್ನು ಆ ಬಸ್ಸಿನಿಂದ ಇಳಿಸಿದ, ಎರಡು ದಿನದಲ್ಲಿ ಪುಣೆಯ ಬಸ್ಸಿಗೆ ಹತ್ತಿಸಿದ. ಯುಗಾದಿ ಇನ್ನೂ ದೂರವಿತ್ತು.

ಪುಣೆಯ ದೊಡ್ಡ ದವಾಖಾನೆಯಲ್ಲಿ ಮೆದುಳಿನ ಡಾಕ್ಟರು ಹುಡುಗನಂತಿದ್ದರು. ವಿಲಾಯತಿಯಲ್ಲಿ ಕಲಿತು ಬಂದವರು, ಮಾತು ಮೆತ್ತಗೆ. ಗೌರಾಬಾಯಿಯನ್ನು ಮೇಜಿನ ಎದುರಿಗೆ ಕೂರಿಸಿಕೊಂಡು ಮರಾಠಿಯಲ್ಲಿ ವಾರ ಯಾವುದು, ಊರು ಯಾವುದು ಎಂದು ಕೇಳಿದರು. ಕೆಲವಕ್ಕೆ ಉತ್ತರ ಬಂತು, ಕೆಲವಕ್ಕೆ ಬರಲಿಲ್ಲ. ಆಮೇಲೆ ಗಂಡನ ಹೆಸರೇನು ಎಂದರು.

ಗೌರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರುವುದೆಂದರೇನು? ಅವನು ಬದುಕಿದ್ದಾಗ ಬರಲಿಲ್ಲ, ಸತ್ತ ಮೇಲೂ ಬರಲಿಲ್ಲ. ಭಕ್ತರು ಭಂಡಾರವೆಂದು ಅರಿಶಿನ ತೂರುವ ಜೇಜುರಿಯ ಖಂಡೋಬನಿಗೂ ಮಾರ್ತಾಂಡ ಎಂಬ ಹೆಸರಿದೆಯೆಂದು ಅವಳು ಆ ದೇವರನ್ನೂ ಹೆಸರು ಹಿಡಿದು ಕರೆದವಳಲ್ಲ, "ಗುಡ್ಡದ ದ್ಯಾವ್ರು" ಎನ್ನುತ್ತಿದ್ದಳು. ದೇವರಿಗೆ ಅದರಿಂದ ಬೇಸರವಾದಂತಿರಲಿಲ್ಲ. ಡಾಕ್ಟರು ಮತ್ತೆ ಕೇಳಿದರು, ಮತ್ತೂ ಒಮ್ಮೆ ಕೇಳಿದರು. ಎಡಗಡೆ ಒಬ್ಬ ಮಗ, ಬಲಗಡೆ ಒಬ್ಬ ಮಗ ನಿಂತಿದ್ದರು. ರಾಮಲಿಂಗಪ್ಪ ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಹೆಂಡತಿ ಗಂಡನ ಹೆಸರು ಹೇಳಳೆಂಬುದು ಚಿಕ್ಕ ಮಗುವಿಗೂ ಗೊತ್ತಿರುವ ಸಂಗತಿ, ಗೊತ್ತಿದ್ದವರು ಯಾರೂ ಹೇಳಲಿಲ್ಲ. ಕೊನೆಗೆ ಡಾಕ್ಟರು ಬಹಳ ಮರುಕದಿಂದ ತಲೆಯಾಡಿಸಿದರು. ಗಂಡನ ಹೆಸರೇ ಅಳಿಸಿಹೋಗಿದೆ ಎಂದ ಮೇಲೆ ಇನ್ನು ಈಕೆಯನ್ನು ಮನೆಯಿಂದ ಮನೆಗೆ ಸಾಗಿಸಬಾರದು, ಗುಣವಾಗುವವರೆಗೆ ಒಂದೇ ಕಡೆ, ಪುಣೆಯಲ್ಲೇ ಇರಲಿ ಎಂದರು. ಒಂದು ಹೊಸ ಪ್ರಯೋಗ ನಡೆದಿದೆ, ಮುಪ್ಪಿನವರಿಗೆ ಕುಣಿತದಿಂದ ಮದ್ದು, ಅಲ್ಲಿಗೆ ಕಳಿಸಿರಿ. ದಸರೆಗೆ ಮುಂಚೆ ಮತ್ತೆ ನೋಡೋಣ ಎಂದೂ ಹೇಳಿದರು.

ಮುರುಗೆಪ್ಪ ಡಾಕ್ಟರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಸಂಜೆಯ ಬಸ್ಸಿಗೇ ಇಂದಾಪುರಕ್ಕೆ ಹೋದ. ಹೋಗುವಾಗ ಸಿಳ್ಳೆ ಹಾಕಿದನೆಂದು ಹೇಳಲು ಸಾಕ್ಷಿಯಿಲ್ಲ.

ರಾಮಲಿಂಗಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಜಿಲ್ಲೆಗೆಲ್ಲ ನೀರು ಹರಿಸುವ ಕಾಗದ ಅವನ ಮೇಜಿನ ಮೇಲಿಂದಲೇ ಹೋಗುತ್ತಿತ್ತು. ಮನೆಯ ನಲ್ಲಿಗೆ ಮಾತ್ರ ಬೆಳಿಗ್ಗೆ ಒಂದು ತಾಸು ನೀರು ಬಂದರೆ ಪುಣ್ಯ. ಕಸಬಾ ಪೇಟೆಯ ಹಳೇ ವಾಡೆಯೊಂದರಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಹೊರಕೋಣೆಯಲ್ಲಿ ಅವನು, ಹೆಂಡತಿ ಕಾಶವ್ವ. ಒಳಕೋಣೆಯಲ್ಲಿ ಕಿಟಕಿಯ ಪಕ್ಕದ ಕಾಟಿನ ಮೇಲೆ ಗೌರಾಬಾಯಿ, ಅದರ ಕೆಳಗೆ ಚಾಪೆಯ ಮೇಲೆ ಮೊಮ್ಮಗಳು ಇಂದೂ. ಇಂದೂ ಕಾಲೇಜಿಗೆ ಹೋಗುವವಳು. ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದು "ಆಯಿ" ಎಂದು. ನಮ್ಮ ಕಡೆ ಆಯಿ ಎಂದರೆ ಅಜ್ಜಿ, ವಾಡೆಯ ಮರಾಠಿ ಮಕ್ಕಳಿಗೆ ತಾಯಿ. ಗೌರಾಬಾಯಿಗೆ ಎರಡೂ ಅರ್ಥ ಇಷ್ಟವೇ.

ಕುಣಿತದ ಮಾತು ಕೇಳಿ ಕಾಶವ್ವ ಮೊದಲು ಸಾರಿನ ಸೌಟನ್ನೇ ಕೈಬಿಟ್ಟಳು.

"ಎಪ್ಪತ್ತರ ಮುದುಕಿಗಿ ಗೆಜ್ಜಿ ಕಟ್ಟಸ್ತೀರೇನ್ರಿ? ಮಂದಿ ಏನಂದಾರು?"

"ಗೆಜ್ಜಿ ಇಲ್ಲ ಏನಿಲ್ಲ. ಥೆರಪಿ ಅಂತಾರ ಅದಕ್ಕ," ಎಂದ ರಾಮಲಿಂಗಪ್ಪ.

"ಥೆರಪಿಗಿ ಹೋಗಾಕ ತೆರಪು ಬೇಕಲ್ಲ. ಕರಕೊಂಡು ಹೋಗವ್ರ್ಯಾರು? ನಾನು ರೊಟ್ಟಿ ಬಡೀಲ್ಯೋ, ನಿಮ್ಮವ್ವನ ಕೂಡ ಕುಣೀಲ್ಯೋ?"

ಆ ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಹೊರಕೋಣೆಯಲ್ಲಿ ಏನು ಮಾತಾಡಿಕೊಂಡರೋ, ಮರುದಿನ ಕಾಶವ್ವ ಬೇರೆಯೇ ಹೆಂಗಸಾಗಿದ್ದಳು. ಅತ್ತೆಗೆ ತಾನೇ ತಲೆ ಬಾಚಿದಳು, ಹೊಸ ಚಪ್ಪಲಿ ತರಿಸಿದಳು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. "ಅತ್ತೀರ, ಲಗೂ ಆರಾಮಾಗ್ರಿ ಮತ್ತ," ಎಂದಳು. ಗೌರಾಬಾಯಿಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದಲ್ಲಿ ಸೊಸೆಗೆ ತನ್ನ ಮೇಲೆ ಇಷ್ಟು ಮಾಯೆ ಇತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮರೆತಿದ್ದೇನೋ ಏನೋ ಎಂದುಕೊಂಡಳು. ಇಂದೂ ತಾನೇ ಕರೆದುಕೊಂಡು ಹೋಗುವೆನೆಂದು ಮುಂದೆ ಬಂದಳು.

ಕುಣಿತ ಕಲಿಸುವಾಕೆ ಪಂಕಜಾಕ್ಷಿ. ಮೈಸೂರು ಕಡೆಯವಳು, ಗಂಡ ಸೈನ್ಯದಲ್ಲಿ, ಮನೆ ದೇಹೂ ರೋಡಿನಲ್ಲಿ. ಮಂಗಳವಾರ, ಶುಕ್ರವಾರ ಲೋಕಲ್ ರೈಲಿನಲ್ಲಿ ಟೇಪ್ ರೆಕಾರ್ಡರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಒಂದು ಶಾಲೆಯ ಹಾಲು ಮಧ್ಯಾಹ್ನ ಖಾಲಿ ಇರುತ್ತಿತ್ತು, ಅಲ್ಲಿ ಸೇರುತ್ತಿದ್ದದ್ದು ಹತ್ತು ಹನ್ನೆರಡು ಮುದುಕ ಮುದುಕಿಯರು. ಜೀವಮಾನವೆಲ್ಲ ಊರಿನ ವಿಳಾಸ ಓದಿ ತನ್ನ ಮನೆಯ ವಿಳಾಸ ಕಳೆದುಕೊಂಡಿದ್ದ ಒಬ್ಬ ಪೋಸ್ಟ್ ಮಾಸ್ತರರೂ ಅವರಲ್ಲಿದ್ದರು.

ಮೊದಮೊದಲು ಗೌರಾಬಾಯಿ ಕುರ್ಚಿ ಬಿಟ್ಟು ಏಳಲಿಲ್ಲ. ಪಂಕಜಾಕ್ಷಿ ಕೈಯಲ್ಲಿ ಹೂವು ಅರಳಿಸಿ ತೋರಿಸಿದಳು, ಜಿಂಕೆ ಮಾಡಿ ತೋರಿಸಿದಳು. ಗೌರಾಬಾಯಿ ತನ್ನ ಕೈ ನೋಡಿಕೊಂಡಳು. ರೊಟ್ಟಿ ಬಡಿದ ಕೈ, ಅದರಲ್ಲಿ ಜಿಂಕೆ ಕೂರುವಂತಿರಲಿಲ್ಲ.

"ಪರವಾಗಿಲ್ಲ ಅಜ್ಜಿ, ಕೂತ್ಕೊಂಡೇ ಕಾಲು ಆಡ್ಸಿ," ಎನ್ನುತ್ತಿದ್ದಳು ಪಂಕಜಾಕ್ಷಿ. "ತಲೆ ಕೈಬಿಟ್ಟಿದ್ದನ್ನ ಕಾಲು ಇಟ್ಕೊಂಡಿರುತ್ತೆ. ನಾವು ಕೇಳ್ಬೇಕು, ಅಷ್ಟೆ."

ಶ್ರಾವಣ ಬಂತು. ಆ ಮಂಗಳವಾರ ಮರಾಠಿ ಮುದುಕಿಯರಿಬ್ಬರು ಮಂಗಳಗೌರಿಯ ನೆನಪಿಗೆ ಫುಗಡಿ ಆಡಲು ಎದ್ದರು. ಒಬ್ಬಳ ಕೈ ಒಬ್ಬಳು ಅಡ್ಡಡ್ಡ ಹಿಡಿದು, ಪಾದ ಜೋಡಿಸಿ, ಮೈ ಹಿಂದಕ್ಕೆ ಚೆಲ್ಲಿ, ಸುತ್ತ ಗರಗರ ತಿರುಗುವ ಆಟ. ಅವರು ಎರಡು ಸುತ್ತು ತಿರುಗುವಷ್ಟರಲ್ಲಿ ಗೌರಾಬಾಯಿ ಕುರ್ಚಿಯ ಮೇಲಿರಲಿಲ್ಲ. ಯಾವಾಗ ಎದ್ದಳೋ, ಯಾವಾಗ ಇಂದೂನ ಎರಡೂ ಕೈ ಹಿಡಿದಳೋ ಅವಳಿಗೇ ತಿಳಿಯಲಿಲ್ಲ. ಪಂಚಮಿಗೆ ತವರಿನ ಅಂಗಳದಲ್ಲಿ ಆಡಿದ ಫುಗಡಿ ಅಂಗಾಲಿನಲ್ಲಿ ಹಾಗೆಯೇ ಇತ್ತು, ಒಂದು ಹೆಜ್ಜೆಯೂ ಸವೆದಿರಲಿಲ್ಲ.

"ಮೆತ್ತಗೆ, ಮೆತ್ತಗೆ," ಎಂದು ಪಂಕಜಾಕ್ಷಿ ಓಡಿ ಬಂದಳು. "ಯಾರೂ ಕೈ ಬಿಡ್ಬೇಡಿ. ಒಬ್ರು ಬಿಟ್ರೆ ಇಬ್ರೂ ಬೀಳ್ತೀರ."

ಫುಗಡಿ ನಿಂತಾಗ ಮರಾಠಿ ಹೆಂಗಸರು ರೂಢಿಯಂತೆ ಒಡಪು ಹಾಕಿ ಗಂಡನ ಹೆಸರು ಹೇಳಿದರು. ಒಡಪಿನೊಳಗೆ ಇಟ್ಟು ಹೇಳಿದರೆ ಹೆಸರು ಹೇಳಿದ ದೋಷವಿಲ್ಲ, ಪ್ರಾಸ ಎಲ್ಲ ತಪ್ಪನ್ನೂ ತೊಳೆಯುತ್ತದೆ. ಪಾಳಿ ಗೌರಾಬಾಯಿಯ ಹತ್ತಿರ ಬಂತು. ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಅದು ಮೈಸೂರಿನ ಪಂಕಜಾಕ್ಷಿಗೆ ಗೊತ್ತಿರಲಿಲ್ಲ, "ನೀವೂ ಹೇಳಿ ಅಜ್ಜಿ," ಎಂದುಬಿಟ್ಟಳು. ಗೌರಾಬಾಯಿ ಉಬ್ಬಸದ ನಡುವೆಯೇ ಹೇಳಿದಳು:

"ಜೇಜುರಿ ಗುಡ್ಡದ ಮ್ಯಾಲ ಭಂಡಾರ ಹಾರತದ ಗಾಳಿಯೊಳಗ,
ಮಾರ್ತಾಂಡಪ್ಪನವರ ಹೆಸರದ ನನ್ನ ಸೆರಗಿನ ಗಂಟಿನೊಳಗ."

ಇಂದೂ ಬೆರಗಾಗಿ ನಿಂತಳು. ಆ ಬಾಯಿಂದ ಆ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. "ಆಯಿ, ನಿನಗ ನೆನಪದ," ಎಂದಳು.

"ಮರ್ತಿದ್ಯಾವಾಗ? ಹೇಳಿದ್ದಿಲ್ಲ, ಅಷ್ಟೇ," ಎಂದಳು ಗೌರಾಬಾಯಿ.

ಅಂದಿನಿಂದ ವಿದ್ಯೆ ಮನೆಗೂ ಬಂತು. ಪಂಕಜಾಕ್ಷಿ ಹೇಳಿಕೊಟ್ಟ ಹಿಕಮತ್ತು ಸರಳ: ಮರೆಯುವ ಸಂಗತಿಗೆ ಗಂಟು ಹಾಕಬೇಡಿ, ಹೆಜ್ಜೆ ಹಾಕಿ. ಗಂಟು ಏನು ಎಂಬುದನ್ನು ಹೇಳುವುದಿಲ್ಲ, ಹೆಜ್ಜೆ ಹೇಳುತ್ತದೆ. ಸ್ಟೋ ಆರಿಸಿದ ಮೇಲೆ ಮಣಿಕಟ್ಟು ಒಮ್ಮೆ ತಿರುವುವುದು, ನಲ್ಲಿ ನಿಲ್ಲಿಸಿದ ಮೇಲೆ ಹಿಮ್ಮಡಿ ಊರುವುದು, ಉಪ್ಪು ಹಾಕಿದ ಮೇಲೆ ಚಿಟಿಕೆ. ಅಡುಗೆಮನೆಯಲ್ಲಿ ಗೌರಾಬಾಯಿ ಒಬ್ಬಳೇ ಚಿಟಿಕೆ ಹಾಕಿ ಮಣಿಕಟ್ಟು ತಿರುವುವುದನ್ನು ಕಂಡು ಎದುರುಮನೆಯಾಕೆ ಈ ಅಜ್ಜಿಯನ್ನು ಯಾವ ನಾಟಕ ಕಂಪನಿಗೆ ಸೇರಿಸಿದಿರಿ ಎಂದು ಕೇಳಿದಳು. ಆದರೆ ಸಾರಿಗೆ ಉಪ್ಪು ಒಂದೇ ಸಲ ಬೀಳುತ್ತಿತ್ತು. ಕಾಶವ್ವ ಮತ್ತೊಂದಿಷ್ಟು ಬೆಣ್ಣೆ ಇಟ್ಟಳು.

ಸಂಜೆ ಕಾಲೇಜಿನಿಂದ ಬಂದ ಮೇಲೆ ಇಂದೂ ವಾಡೆಯ ಅಂಗಳದಲ್ಲಿ ಅಜ್ಜಿಯ ಕೈ ಹಿಡಿಯುತ್ತಿದ್ದಳು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಲು ಬರುತ್ತಿತ್ತು, ನೆಲ ನಿಜವಾಗಿಯೂ ಡೊಂಕಾಗಿತ್ತು. ಆ ಕಲ್ಲುಗಳ ಮೇಲೆ ಇಂದೂ ಹೆಸರುಗಳಿಗೆ ಹೆಜ್ಜೆ ಹಂಚಿದಳು. ಬಲಗಾಲು ಮುರುಗೆಪ್ಪ ದೊಡ್ಡಪ್ಪ. ಎಡಗಾಲು ಅಪ್ಪ. ಚಪ್ಪಾಳೆ ಅವ್ವ. ಕೈಕೈ ಹಿಡಿದು ಒಂದು ಸುತ್ತು ತಿರುಗಿದರೆ ಇಂದೂ.

"ವಾರ ಯಾವದು ಆಯಿ?"

"ಶುಕ್ರವಾರ. ನಾಳಿ ಶನಿವಾರ. ನಿನ್ನ ಅಪ್ಪ ಅರ್ಧ ದಿನಕ್ಕ ಬಂದು ಇಡೀ ದಿನದ ಊಟ ಮಾಡ್ತಾನ."

"ಬಲಗಾಲು?"

"ಹಿರ್ಯಾವ."

"ಹೆಸರು ಹೇಳಬೇಕು ಆಯಿ, ಹೆಸರು."

ಗೌರಾಬಾಯಿ ಹೇಳುತ್ತಿದ್ದಳು. ಇಂದೂ ಬಿಡದೆ ಕೇಳುತ್ತಿದ್ದಳು. ಮೊಮ್ಮಗಳು ಇಷ್ಟು ಹೊತ್ತು ತನ್ನ ಜೊತೆ ಕಳೆಯುವುದೇ ಹಬ್ಬವಾಗಿ, ಅವಳು ಇನ್ನೂ ಒಂದು ಸುತ್ತು ಆಡೋಣ ಎನ್ನುತ್ತಿದ್ದಳು. ಅಷ್ಟರಲ್ಲಿ ಗಣಪತಿ ಬಂದ. ಹತ್ತು ದಿನ ಪುಣೆಗೆ ಪುಣೆಯೇ ಬೀದಿಯಲ್ಲಿ ಕುಣಿಯಿತು, ಯಾರೂ ಅದನ್ನು ಥೆರಪಿ ಎನ್ನಲಿಲ್ಲ. ಮೆರವಣಿಗೆ ವಾಡೆಯ ಮುಂದೆ ಬಂದಾಗ ಗೌರಾಬಾಯಿ ಬಾಗಿಲಲ್ಲಿ ನಿಂತು ಹಿಮ್ಮಡಿ ಕುಟ್ಟಿದಳು. ಬಹಳ ವರ್ಷದ ಮೇಲೆ ಒಂದು ಮನೆ ತನ್ನದು ಅನ್ನಿಸಿತ್ತು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲು ಮುರುಗೆಪ್ಪ ಬಂದ. ಮರುದಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಕೈಯಲ್ಲಿ ಬೆಲ್ಲದ ಪೆಂಟೆ, ಮುಖದಲ್ಲಿ ಬೇವು. ತಾಯಿಯೇ ಬಾಗಿಲು ತೆರೆದು, "ಮುರುಗೆಪ್ಪಾ, ಸೊರಗೀಯಲ್ಲೋ. ಬಸ್ಸಿನಾಗ ಸೀಟು ಸಿಕ್ತ?" ಎಂದಾಗ ಅವನ ಮುಖ ಇನ್ನೂ ಕಹಿಯಾಯಿತು.

ಮಧ್ಯಾಹ್ನ ಊಟಕ್ಕೆ ಜೋಳದ ರೊಟ್ಟಿ, ಝುಣಕ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ. ಅಣ್ಣತಮ್ಮಂದಿರು ಎದುರುಬದುರು ಕೂತರು. ಕಾಶವ್ವ ಬಡಿಸುತ್ತಿದ್ದಳು, ಇಂದೂ ನೀರು ಕೊಡುತ್ತಿದ್ದಳು. ಗೌರಾಬಾಯಿ ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳ ಎದುರಿಗೆ ಮಾತಾಡಲು ಯಾರಿಗೂ ಸಂಕೋಚವಿರಲಿಲ್ಲ. ಇಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಒಂದು ನಂಬಿಕೆ ಬೆಳೆದಿತ್ತು, ಅವಳ ಮುಂದೆ ಆಡಿದ ಮಾತು ಮರುದಿನ ಇರುವುದಿಲ್ಲ ಎಂದು.

"ಅವ್ವ ಆರಾಮಾಗ್ಯಾಳ, ಅಣ್ಣಾ," ಎಂದ ರಾಮಲಿಂಗಪ್ಪ. "ನಾಳಿ ಡಾಕ್ಟರು ಹೂಂ ಅಂದ್ರ ದಸರೆಕ್ಕ ನಿನ್ನ ಪಾಳಿ."

"ಆರಾಮ ಆದ್ರ ಇಲ್ಲೇ ಇರಲಿ. ಹತ್ತಿದ ಔಷಧ ಯಾಕ ಬಿಡಸ್ತಿ?"

"ಔಷಧ ಇಂದಾಪುರದಾಗ ಇಲ್ಲ ಅಂತ ನೀ ಬಿಟ್ಟುಹೋದಿ. ರೋಗ ಇಲ್ಲಂದ ಮ್ಯಾಲ ಔಷಧ ಯಾಕ?"

"ರೋಗ ಇತ್ತು ಅಂತ ಡಾಕ್ಟರು ಹೇಳಿದ್ದಲ್ಲೇನು? ಅಪ್ಪನ ಹೆಸರು ಬರಲಿಲ್ಲ ಆಕಿಗಿ."

ರಾಮಲಿಂಗಪ್ಪ ರೊಟ್ಟಿ ಕೆಳಗಿಟ್ಟ. "ನಮ್ಮವ್ವ ಅಪ್ಪನ ಹೆಸರು ಹೇಳಂಗಿಲ್ಲ ಅಂತ ನಿನಗ ಗೊತ್ತಿತ್ತಿಲ್ಲ? ನಾ ಡಾಕ್ಟರಿಗಿ ಹೇಳಬೇಕಂದ್ರ ಅವ್ವನ ಕುರ್ಚಿ ಹಿಂದ ನನ್ನ ಕಾಲು ತುಳದಾವ ಯಾರು?"

"ಕಾಲು ತುಳದ್ರ ಬಾಯಿ ಮುಚ್ಚತದೇನು ನಿಂದು?"

"ಹಿರ್ಯಾ ಅಂತ ಸುಮ್ಮಾದೆ."

"ಭಾವನೋರ, ನಿಮ್ಮ ಕಾಲಿಗಿ ಶರಣು," ಎಂದಳು ಕಾಶವ್ವ ಪಲ್ಯ ಬಡಿಸುತ್ತ. "ನಾ ಏಳೆಂಟು ತಿಂಗಳಿಂದ ಬೆಣ್ಣಿ ಹಾಕಿ ಮೇಯಿಸಿದ್ದು ದಸರೆಕ್ಕ ಕಳಸಾಕ. ಆಕಿಗಿ ನೆಟ್ಟಗಾದ್ರ ಸಾಕು ಅಂತ ದ್ಯಾವ್ರಿಗಿ ಬೇಡಿಕೊಂಡೀನಿ. ಇನ್ನ ನನ್ನ ಕೈಯಿಂದ ಆಗಂಗಿಲ್ಲ."

ಗೌರಾಬಾಯಿಯ ಬೆರಳು ಅಕ್ಕಿಯಲ್ಲಿ ನಿಂತಿತು. ಒಬ್ಬ ಮಗ ಇನ್ನೊಬ್ಬನ ಕಾಲು ತುಳಿದದ್ದಕ್ಕೆ ನೋವಾಯಿತು, ಆದರೆ ಅಣ್ಣತಮ್ಮಂದಿರು ಚಿಕ್ಕಂದಿನಿಂದಲೂ ಹಾಗೆಯೇ. ಬೆಣ್ಣೆಯ ಮಾತಿಗೂ ನೋವಾಯಿತು, ಆದರೆ ಸೊಸೆಗೆ ಅತ್ತೆ ಭಾರ ಎನ್ನುವುದು ಹೊಸದಲ್ಲ. ಅವಳು ತಲೆ ಎತ್ತಿ ಇಂದೂನ ಕಡೆ ನೋಡಿದಳು. ಇವಳೊಬ್ಬಳು ಏನಾದರೂ ಹೇಳುತ್ತಾಳೆ.

ಇಂದೂ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. "ದೊಡ್ಡಪ್ಪಾ, ನೀವು ಏನಂದ್ರೂ ಆಯಿ ನಾಳಿ ಪಾಸಾಗ್ತಾಳ. ಎಲ್ಲಾ ಹೆಸರು ನಾನೇ ಬಾಯಿಪಾಠ ಮಾಡಿಸೀನಿ," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ಆಯಿ ಹೋದ ಮ್ಯಾಲ ಕಿಡಕಿ ಕಡೆ ಕಾಟು ನನಗ ಅಂದೀದಿ. ಮತ್ತ ಮಾತು ತಪ್ಪಬ್ಯಾಡ."

ಯಾರೂ ಗೌರಾಬಾಯಿಯ ಕಡೆ ನೋಡಲಿಲ್ಲ. ಅವಳು ಮೊರ ಕೆಳಗಿಟ್ಟಳು. ಸೆರಗಿನ ತುದಿ ಹಿಡಿದು ಬಿಗಿಯಾಗಿ ಒಂದು ಗಂಟು ಹಾಕಿದಳು. ಇದನ್ನು ಮರೆಯಬಾರದು. ಆದರೆ ಗಂಟನ್ನು ನಂಬಿ ಕೆಟ್ಟವಳು ಅವಳು. ಎದ್ದು ಅಡುಗೆಮನೆಯ ಕತ್ತಲೆಗೆ ಹೋಗಿ ನಿಂತು, ಯಾರಿಗೂ ಕೇಳದಂತೆ ಬಲಗಾಲು ಊರಿದಳು: ತುಳಿದಾವ. ಎಡಗಾಲು ಊರಿದಳು: ಬಾಯಿ ಮುಚ್ಚಿದಾವ. ಚಪ್ಪಾಳೆಗೆ ಎರಡು ಅಂಗೈ ಕೂಡಿಸಿದಳು: ಬೆಣ್ಣೆ. ಆಮೇಲೆ ಎರಡೂ ಕೈ ಮುಂದೆ ಚಾಚಿ, ಹಿಡಿಯಲು ಯಾರೂ ಇಲ್ಲದೆ, ಒಬ್ಬಳೇ ಒಂದು ಸುತ್ತು ತಿರುಗಿದಳು: ಕಾಟು.

"ಅತ್ತೀರ, ಅಕ್ಕಿ ಆರಿಸೂದು ಮರ್ತು ಎಲ್ಲಿ ಹೋದ್ರಿ?" ಎಂದು ಕಾಶವ್ವ ಹೊರಗಿನಿಂದ ಕೂಗಿದಳು.

ಬೆಳಿಗ್ಗೆ ಎದ್ದಾಗ ಮೊದಲು ಕಂಡದ್ದು ಗಂಟು. ಇದು ಯಾತಕ್ಕೆ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಕಾಟಿನಿಂದ ಇಳಿದು ಬಲಗಾಲು ನೆಲಕ್ಕೆ ಇಟ್ಟಳು, ಎಡಗಾಲು ಇಟ್ಟಳು, ಎಲ್ಲವೂ ಸಾಲಾಗಿ ಬಂತು. ಒಂದು ಮಾತೂ ಉದುರಿರಲಿಲ್ಲ. ತಾನು ಗುಣವಾಗಿದ್ದೇನೆ ಎಂದು ಗೌರಾಬಾಯಿಗೆ ಖಾತ್ರಿಯಾದದ್ದು ಆ ಬೆಳಿಗ್ಗೆ. ಕೆಳಗೆ ಚಾಪೆಯ ಮೇಲೆ ಇಂದೂ ಇನ್ನೂ ಮಲಗಿದ್ದಳು.

ದವಾಖಾನೆಗೆ ಐದೂ ಜನ ಹೋದರು. ಅದೇ ಮೇಜು, ಅದೇ ಮೆತ್ತಗಿನ ಡಾಕ್ಟರು. ಎಡಗಡೆ ಒಬ್ಬ ಮಗ, ಬಲಗಡೆ ಒಬ್ಬ ಮಗ, ಹಿಂದೆ ಕಾಶವ್ವ, ಪಕ್ಕದ ಕುರ್ಚಿಯಲ್ಲಿ ಇಂದೂ. ವಾರ ಕೇಳಿದರು, ಹೇಳಿದಳು. ತಿಂಗಳು, ಊರು, ಪೇಟೆ, ಬಂದ ದಾರಿ, ರಿಕ್ಷಾದವನು ಜಗಳವಾಡಿದ್ದು, ಎಲ್ಲ ಹೇಳಿದಳು. ರಾಮಲಿಂಗಪ್ಪ ಅಣ್ಣನ ಕಡೆ ನೋಡಿ ಮೀಸೆ ಒರೆಸಿಕೊಂಡ. ಇಂದೂ ಉಸಿರು ಬಿಗಿ ಹಿಡಿದು ತುಟಿ ಆಡಿಸುತ್ತಿದ್ದಳು.

ಡಾಕ್ಟರು ನಗುತ್ತ ಗಂಡನ ಹೆಸರು ಕೇಳಿದರು.

ಗೌರಾಬಾಯಿ ಸೆರಗನ್ನು ಬಾಯಿಗೆ ಒಯ್ಯಲಿಲ್ಲ. ಒಡಪು ಹಾಕಲಿಲ್ಲ, ಪ್ರಾಸ ಹುಡುಕಲಿಲ್ಲ. "ಮಾರ್ತಾಂಡಪ್ಪ," ಎಂದಳು.

ಬರಿಯ ಹೆಸರು. ಅದು ಕೋಣೆಯಲ್ಲಿ ಬಿದ್ದಾಗ ಇಬ್ಬರು ಮಕ್ಕಳೂ ಬೆಚ್ಚಿ ನೆಟ್ಟಗೆ ನಿಂತರು, ಅಪ್ಪನೇ ಬಾಗಿಲಲ್ಲಿ ಬಂದು ನಿಂತಂತೆ. ಕಾಶವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಡಾಕ್ಟರಿಗೆ ಬಹಳ ಸಂತೋಷವಾಯಿತು. ಬಲಗಡೆ ನಿಂತ ಮುರುಗೆಪ್ಪನನ್ನು ತೋರಿಸಿ ಇವರು ಯಾರು ಎಂದರು. ಗೌರಾಬಾಯಿ ಕತ್ತು ಎತ್ತಿ ಅವನನ್ನು ನೋಡಿದಳು. ಮೇಜಿನ ಕೆಳಗೆ ಅವಳ ಬಲಗಾಲು ನೆಲವನ್ನು ಒಮ್ಮೆ ಒತ್ತಿತು.

"ಗೊತ್ತಾಗಲಿಲ್ರಿ. ಯಾರೋ ದೊಡ್ಡ ಮನಷ್ಯಾ ಇದ್ದಂಗದಾರ."

ಮತ್ತೆ ಈಚೆಯವರು?

ಎಡಗಾಲು ಒತ್ತಿತು. "ಇವ್ರೂ ಗೊತ್ತಿಲ್ಲ. ಆದ್ರ ಬಾಯಿಲ್ಲದವ್ರಂಗ ಕಾಣ್ತಾರ, ಪಾಪ."

"ಅವ್ವಾ," ಎಂದ ರಾಮಲಿಂಗಪ್ಪ. ಅವನ ದನಿ ಒಡೆದಿತ್ತು. ಅವಳ ಮುಖ ಆಡಲಿಲ್ಲ. ಕಾಶವ್ವನನ್ನು ತೋರಿಸಿದಾಗ ಅಡುಗೆಯಾಕೆ ಇರಬೇಕು, ಕೈ ಭಾಳ ಜಿಡ್ಡಾಗಿದೆ ಎಂದಳು. ಕೊನೆಗೆ ಡಾಕ್ಟರು, ಹೋಗಲಿ, ಈ ಹುಡುಗಿ ಗೊತ್ತಲ್ಲವೇ ಎಂದು ಇಂದೂನ ಕಡೆ ಕೈ ಮಾಡಿದರು.

ಇಂದೂ ಮುಂದಕ್ಕೆ ಬಾಗಿ ಎರಡೂ ಕೈ ಚಾಚಿದಳು, ಫುಗಡಿಗೆ ಹಿಡಿಯುವ ಹಾಗೆ ಅಡ್ಡಡ್ಡ. ಗುರುತು ಕೊಟ್ಟಳು. ಗೌರಾಬಾಯಿ ಆ ಕೈಗಳನ್ನೇ ನೋಡುತ್ತ ಕೂತಳು. ತನ್ನ ಕೈ ತೊಡೆಯ ಮೇಲೆ ತಾನಾಗಿ ಅಡ್ಡವಾಗುತ್ತಿತ್ತು, ಅದನ್ನು ಸೆರಗಿನ ಗಂಟಿನ ಮೇಲೆ ಒತ್ತಿ ಹಿಡಿದಳು.

"ಯಾರದೋ ಮನಿ ಹುಡುಗಿರಿ," ಎಂದಳು. "ಇಲ್ಲೀತನ ಕೈ ಹಿಡದು ಕರಕೊಂಡು ಬಂದಾಳ. ಆಕಿ ಪುಣ್ಯಾ."

ಡಾಕ್ಟರು ಬಹಳ ಹೊತ್ತು ಬರೆದರು. ಉಳಿದದ್ದೆಲ್ಲ ಮರಳಿ ಬಂದಿದೆ, ಹತ್ತಿರದವರ ಗುರುತು ಮಾತ್ರ ಇನ್ನೂ ಬಂದಿಲ್ಲ, ಇಂಥದು ಇದೆ ಎಂದು ವಿವರಿಸಿದರು. ಕುಣಿತ ಬಿಡಿಸಲೇಬಾರದು, ಪುಣೆಯಿಂದ ಅಲುಗಿಸಬಾರದು, ಈಗಿರುವ ಕೋಣೆ, ಹಾಸಿಗೆ ಯಾವುದನ್ನೂ ಬದಲಿಸಬಾರದು ಎಂದರು. ಮುರುಗೆಪ್ಪ ಈ ಸಲ ಕೈ ಜೋಡಿಸಿದ್ದು ಒಂದು ಚಣ ತಡವಾಗಿ. ಗೆದ್ದಿದ್ದ, ಆದರೆ ಹೋಗುವಾಗ ಮೂರು ಸಲ ತಿರುಗಿ ತಾಯಿಯ ಮುಖ ನೋಡಿದ.

ದಸರೆಗೆ ಎಲ್ಲರೂ ಬನ್ನಿ ಹಂಚಿಕೊಂಡರು. ಯಾರನ್ನೂ ಯಾರಿಗೂ ಕೊಡಲಿಲ್ಲ. ರಾಮಲಿಂಗಪ್ಪ ಕಚೇರಿಯಿಂದ ಬಂದವನೇ ತಾಯಿಯ ಕಾಟಿನ ಬಳಿ ಕೂತು, "ಅವ್ವಾ, ನಾ ರಾಮಲಿಂಗ," ಎನ್ನುತ್ತಿದ್ದ. ಅವಳು, "ಚಾ ಆತೇನ್ರಿ ಸಾಹೇಬ್ರ?" ಎನ್ನುತ್ತಿದ್ದಳು. ಅವನು ಎದ್ದುಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಕಾಶವ್ವನಿಗೆ ಮಾತ್ರ ಗುಮಾನಿ ಇತ್ತು. ಸಾರಿಗೆ ಬೇಕೆಂದೇ ಎರಡು ಸಲ ಉಪ್ಪು ಹಾಕಿ ನೋಡಿದಳು. "ಅಕ್ಕಾರ, ಯಾಕೋ ನಿಮಗ ಮರವು ಸುರುವಾದಂಗದ," ಎಂದಳು ಗೌರಾಬಾಯಿ. ಬೆಣ್ಣೆ ನಿಂತಿತು. ರೊಟ್ಟಿ ನಿಲ್ಲಲಿಲ್ಲ.

ಕಾಟು, ಕಿಟಕಿ, ಶಾಲೆಯ ಹಾಲು, ಮಂಗಳವಾರ, ಶುಕ್ರವಾರ, ಎಲ್ಲ ಉಳಿಯಿತು. ಅದಕ್ಕೆ ಕೊಟ್ಟ ಬೆಲೆ ನಾಲ್ಕು ಹೆಸರು. ಮೂರನ್ನು ಹೇಗೋ ನುಂಗಬಹುದಿತ್ತು. ನಾಲ್ಕನೆಯದು ದಿನಕ್ಕೆ ಹತ್ತು ಸಲ ನಾಲಿಗೆಯ ತುದಿಗೆ ಬರುತ್ತಿತ್ತು, ಕಾಲೇಜಿಗೆ ಹೊರಟಾಗ, ತಲೆ ಒರೆಸಿಕೊಳ್ಳುವಾಗ, ಚಾಪೆ ಹಾಸುವಾಗ. ಎಲ್ಲಕ್ಕಿಂತ ಆಳಕ್ಕೆ ಇಳಿದಿದ್ದ ಹೆಸರು ಅದೇ. ಆ ಗಂಟನ್ನು ಅವಳು ಬಿಚ್ಚಲಿಲ್ಲ. ಸೀರೆ ಬದಲಿಸಿದಾಗ ಹೊಸ ಸೆರಗಿಗೆ ಹೊಸದಾಗಿ ಹಾಕಿಕೊಂಡಳು.

ದಸರೆಯ ಮೇಲಿನ ಶುಕ್ರವಾರ ಹಾಲಿನಲ್ಲಿ ಪಂಕಜಾಕ್ಷಿ ಫುಗಡಿಗೆ ಜೋಡಿ ಮಾಡಿಸಿದಳು. ಇಂದೂ ಬಂದು ಎದುರಿಗೆ ನಿಂತಳು.

"ಆಯಿ, ನಾ ಇಂದೂ."

"ಹೌದೇನ ತಂಗಿ? ಛಲೋ ಹೆಸರದ," ಎಂದಳು ಗೌರಾಬಾಯಿ, ಪ್ರತಿ ಸಲ ಹೇಳುವ ಹಾಗೆಯೇ. ಬೇರೆಯವರ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ತಂಗಿ.

ಕೈ ಕೂಡಿದವು, ಪಾದ ಜೋಡಿಯಾದವು. ತಿರುಗತೊಡಗಿದರು. ಹಾಲಿನ ಗೋಡೆಗಳು, ಪೋಸ್ಟ್ ಮಾಸ್ತರರು, ಟೇಪ್ ರೆಕಾರ್ಡರು ಸುತ್ತ ಓಡಿದವು. ನಡುವೆ ನಿಂತದ್ದು ಇಂದೂನ ಮುಖ ಒಂದೇ, ಅದು ತೊಯ್ದಿತ್ತು.

"ಕಾಟು ಬ್ಯಾಡ ನನಗ, ಆಯಿ. ನಾ ಕೇಳಬಾರದಿತ್ತು. ನಿನಗ ಎಲ್ಲಾ ಗೊತ್ತದ, ನನಗ ಗೊತ್ತು. ಒಂದಽ ಸಲ ನನ್ನ ಹೆಸರು ಹಿಡದು ಕರಿ. ಮನ್ಯಾಗ ಯಾರಿಗೂ ಹೇಳಂಗಿಲ್ಲ."

ಗೌರಾಬಾಯಿಯ ಪಾದ ತಪ್ಪಲಿಲ್ಲ. ಮೈ ಹಿಂದಕ್ಕೆ ಚೆಲ್ಲಿ, ಪೂರ್ತಿ ಭಾರವನ್ನು ಆ ಎರಡು ಎಳೆಯ ಕೈಗಳ ಮೇಲೆ ಬಿಟ್ಟು, ಇನ್ನೂ ಜೋರಾಗಿ ತಿರುಗಿದಳು.

"ಮಾತು ಕಡಿಮಿ ಮಾಡ ತಂಗಿ, ದಮ್ಮು ಹತ್ತತದ," ಎಂದಳು. "ಕೈ ಬಿಗಿ ಹಿಡಿ. ಬಿಟ್ಟಿ ಅಂದ್ರ ಇಬ್ಬರೂ ಬೀಳ್ತೀವಿ."